ಹಾಲುಕೋಣೆಯ ಹಸಿರು ಬಾಗಿಲು

ಮಾರ್ಚ್ 16, ಸೋಮವಾರ

ಇದೇ ತಿಂಗಳ ಹತ್ತನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂ ಇಪ್ಪತ್ತರ ಒಳಗೆ, ಕೂಲ್‌ನಾಮೋ ಹಾಲು ಸಹಕಾರ ಸಂಘವು ನನ್ನ ತಮ್ಮ ಫಿನ್‌ಬಾರ್ ಲೂಸಿಯ ನಲವತ್ತೊಂದು ಹಸುಗಳು ಹುಲ್ಲು ತಿನ್ನುವುದಿಲ್ಲ ಎಂದು ತೀರ್ಮಾನಿಸಿತು. ಹಾಗಾದರೆ ಇನ್ನೇನು ತಿನ್ನುತ್ತವೆ ಎಂಬುದನ್ನು ಇಂದು ಬಂದ ಪತ್ರದಲ್ಲಿ ಬರೆದಿಲ್ಲ. ಬಹುಶಃ ಬಿಸ್ಕತ್ತು.

ಪತ್ರ ಶುರುವಾಗುವುದೇ "ಪ್ರಿಯ ಸದಸ್ಯರೇ, ಸುಸ್ಥಿರತೆಯ ಹಾದಿಯಲ್ಲಿ ನಾವು ನಿಮ್ಮ ಸಹಪಯಣಿಗರು" ಎಂದು. ಎರಡನೆಯ ಸಾಲಿನಲ್ಲೇ ಸಹಪಯಣಿಗರು ನಮ್ಮನ್ನು ಗಾಡಿಯಿಂದ ಇಳಿಸಿದ್ದಾರೆ. ಹಸುಗಳು ಯಾವ ದಿನ ಹೊರಗೆ ಹೋದವು, ಯಾವ ಹುಲ್ಲುಗಾವಲಿನಲ್ಲಿ ಹುಲ್ಲು ಎಷ್ಟೆತ್ತರವಿತ್ತು ಎಂಬ ದಾಖಲೆ ಪರಿಶೀಲಕಿ ಬಂದಾಗ "ಲಭ್ಯವಿರಲಿಲ್ಲ". ಆದ್ದರಿಂದ ಹುಲ್ಲುಮೇವಿನ ಹಾಲಿನ ಪಟ್ಟಿಯಿಂದ ನಮ್ಮ ಹೆಸರನ್ನೂ ನಮ್ಮಂತೆಯೇ ಸೇತುವೆಯಾಚೆ ಇರುವ ಇನ್ನೂ ಮೂರು ಮನೆಗಳ ಹೆಸರನ್ನೂ ತೆಗೆಯಲಾಗಿದೆ. ಪಟ್ಟಿಯಲ್ಲಿ ಇಲ್ಲದವರಿಗಾಗಿ ಜೂನ್ ಮೂವತ್ತರ ನಂತರ ಹಾಲಿನ ಟ್ಯಾಂಕರ್ ಸೇತುವೆ ದಾಟುವುದಿಲ್ಲ. ಮೇಲ್ಮನವಿ ಸಲ್ಲಿಸುವವರು ಹನ್ನೆರಡು ವಾರ ಬಿಡದೆ ಹುಲ್ಲು ಅಳೆದು ಬರೆದ ಹೊಸ ದಾಖಲೆಯನ್ನು ಜೂನ್ ಹನ್ನೊಂದರ ವಾರ್ಷಿಕ ಸಭೆಗೆ ತರಬಹುದು.

ಟ್ಯಾಂಕರ್ ಬರದಿದ್ದರೆ ಹಾಲನ್ನು ಹೊಳೆಗೆ ಸುರಿಯಬೇಕು, ಇಲ್ಲವೇ ಹಸುಗಳನ್ನು ಮಾರಬೇಕು. ಇದನ್ನು ಫಿನ್‌ಬಾರ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನು ಸೋಡಾ ಬ್ರೆಡ್ ಕೊಯ್ಯುತ್ತಿದ್ದ.

"ಹೌದಾ" ಅಂದ.

"ಹೌದಾ ಅಂದ್ರೆ? ಅಷ್ಟೇನಾ?"

"ಬೆಣ್ಣೆ ಈ ಕಡೆ ತಳ್ಳು."

"ಫಿನ್‌ಬಾರ್, ಆ ಹುಡುಗಿ ದಾಖಲೆ ಕೇಳಿದಾಗ ನೀನು ಏನಂದೆ?"

"ಇಲ್ಲ ಅಂದೆ."

"ಇರ್ಲಿಲ್ವಾ?"

"ಆವತ್ತು ಇರ್ಲಿಲ್ಲ."

ಐವತ್ತು ವರ್ಷ ಹಸುಗಳ ಜೊತೆ ಬದುಕಿದವನ ಮಾತು ಕೊನೆಗೆ ಹಸುಗಳ ಮಾತಿಗಿಂತಲೂ ಕಡಿಮೆಯಾಗಿಬಿಡುತ್ತದೆ. ನಾನು ಕಾರ್ಕ್ ನಗರದಲ್ಲಿ ಮೂವತ್ತಾರು ವರ್ಷ ಗ್ರಂಥಾಲಯ ನೋಡಿಕೊಂಡವಳು. ನಿವೃತ್ತಿಯಾಗಿ ಹುಟ್ಟಿದ ಮನೆಗೆ ವಾಪಸು ಬಂದು ಮೂರು ವರ್ಷವಾಯಿತು. ನಾನಿರುವ ಮನೆಯಲ್ಲಿ ದಾಖಲೆ ಇಲ್ಲವಂತೆ!

ಅದೂ ಎಂಥ ಮನೆ? ಆ ಹುಡುಗಿ ಬರುವ ಐದೇ ದಿನ ಮೊದಲು ನಮ್ಮಲ್ಲಿ ಚರ್ಚಿನ ಬಲಿಪೂಜೆಯಾಗಿತ್ತು. ಏಳು ವರ್ಷಕ್ಕೊಮ್ಮೆ ಒಂದೊಂದು ಮನೆಗೆ ಬರುವ ಸರದಿ. ಪಾದ್ರಿಯ ಹಿಂದೆ ನೆರೆಹೊರೆಯೆಲ್ಲ ಅಡುಗೆಮನೆಗೆ ಬಂದು ಮಂಡಿಯೂರುತ್ತದೆ. ದೇವರು ಬರುತ್ತಾನೆಂದು ಯಾರೂ ಮನೆಗೆ ಬಣ್ಣ ಬಳಿಯುವುದಿಲ್ಲ. ಬ್ರೈಡಿ ಕ್ರೀಡನ್ ಬರುತ್ತಾಳೆಂದು ಬಳಿಯುತ್ತಾರೆ. ಗೇಟಿನಿಂದ ಹಿಡಿದು ಕೊಟ್ಟಿಗೆಯವರೆಗೆ ನಾನೊಬ್ಬಳೇ ಬಳಿದೆ. ಮಾರ್ಚ್ ಮೂರರಂದು ಫಿನ್‌ಬಾರ್ ಯಾರದೋ ಮಣ್ಣಿಗೆಂದು ಮ್ಯಾಕ್ರೂಮಿಗೆ ಹೋಗಿದ್ದಾಗ ಹಾಲುಕೋಣೆಯ ಬಾಗಿಲನ್ನೂ ಬಿಡಲಿಲ್ಲ. ಹೊರಗೂ ಒಳಗೂ. ನೊಣದ ಕಲೆ, ಜೇಡರ ಬಲೆ, ತಮ್ಮನ ಪೆನ್ಸಿಲ್ ಗೀಚಾಟ, ಎಲ್ಲವೂ ಎರಡು ಕೋಟು ಹೊಳೆಯುವ ಹಸಿರಿನ ಕೆಳಗೆ ನೆಮ್ಮದಿಯಾಗಿ ಮಲಗಿದವು. ಹುಟ್ಟಿದಾಗಿನಿಂದ ನನ್ನ ಯಾವ ಕೆಲಸವನ್ನೂ ಗಮನಿಸದ ಫಿನ್‌ಬಾರ್ ಸಂಜೆ ಬಂದವನು ಆ ಬಾಗಿಲ ಮುಂದೆ ಐದು ನಿಮಿಷ ನಿಂತ. ಟೋಪಿ ತೆಗೆದ. "ಬಣ್ಣ ಚೆನ್ನಾಗಿದೆ" ಅಂದ.

ಅಂಥ ಮನೆಗೆ ಬಂದು "ಲಭ್ಯವಿರಲಿಲ್ಲ" ಎಂದು ಬರೆದುಹೋಗಲು ಎಷ್ಟು ಧೈರ್ಯ ಬೇಕು!

ಮಾರ್ಚ್ 18, ಬುಧವಾರ

ನಿನ್ನೆ ಪೇಟ್ರಿಕ್ ಸಂತನ ಮೆರವಣಿಗೆ. ಸಂಘದ ಲಾರಿಯೂ ಬಂದಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು, ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಸು. ಆ ಹಸುವಿನ ದಾಖಲೆಗಳೆಲ್ಲ ಸರಿಯಾಗಿವೆಯೆಂದು ಕಾಣುತ್ತದೆ.

ಸಂಘದ ಅಧ್ಯಕ್ಷ ಕಾನ್ ಕ್ರೀಡನ್, ಬ್ರೈಡಿಯ ಗಂಡ, ಎದೆಗೆ ಹಸಿರು ಎಲೆ ಸಿಕ್ಕಿಸಿಕೊಂಡು ಎಲ್ಲರ ಕೈಕುಲುಕುತ್ತಿದ್ದ. ನನ್ನನ್ನು ಕಂಡು ಓಡಲು ಜಾಗ ಸಿಗಲಿಲ್ಲ.

"ಡಿಂಪ್ನಾ, ಬೇಜಾರು ಮಾಡ್ಕೋಬೇಡ. ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ."

"ನಿನ್ನ ಹಸುಗಳು ಹುಲ್ಲಿನ ಮುಖ ನೋಡಿ ಎಷ್ಟು ದಿನ ಆಯ್ತು ಕಾನ್?"

"ನಮ್ಮನೇಲಿ ಗೋಡೆ ತುಂಬ ಹುಲ್ಲಿನ ನಕ್ಷೆ ಇದೆ, ಬಣ್ಣಬಣ್ಣದ್ದು. ಬೇಕಾದ್ರೆ ಬಂದು ನೋಡು."

"ಹಸುಗಳಿಗೂ ತೋರಿಸು. ಮೇವಿನ ಹೊತ್ತಿಗೆ ಸಮಾಧಾನ ಆಗುತ್ತೆ."

ಸುತ್ತ ನಿಂತವರು ನಕ್ಕರು. ಕಾನ್ ಕೂಡ ನಕ್ಕ. ಅಧ್ಯಕ್ಷರಿಗೆ ಅದರ ಅಭ್ಯಾಸವಿರುತ್ತದೆ. 1988ರಲ್ಲಿ ಅವನ ಅಪ್ಪ ಅಧ್ಯಕ್ಷನಾಗಿದ್ದಾಗ ಇದೇ ನಗೆ ನಕ್ಕು, "ನಿಮ್ಮ ಅನುಕೂಲಕ್ಕಾಗಿ" ಎಂದು ನಮ್ಮೂರ ಹಾಲಿನ ಡೈರಿಯನ್ನು ಮುಚ್ಚಿದ. 1963ರಲ್ಲಿ ಅವನ ತಾತ ಹಾಲಿಗೆ ಹೊಳೆನೀರು ಬೆರೆಸಿ ಸಿಕ್ಕಿಬಿದ್ದಾಗ ನನಗೆ ಆರು ವರ್ಷ. ಕ್ಯಾನಿನೊಳಗೆ ಒಂದು ಮೀನಿನ ಮರಿ ಈಜುತ್ತಿತ್ತಂತೆ. ಅದನ್ನು ನಾನು ನೋಡಿಲ್ಲ, ಆದರೆ ಮರೆತೂ ಇಲ್ಲ.

ಇವೆಲ್ಲವನ್ನೂ ಸೇರಿಸಿ ವಾರ್ಷಿಕ ಸಭೆಗೆ ಒಂದು ಪತ್ರ ಶುರುಮಾಡಿದ್ದೇನೆ. ನಾಲ್ಕು ಪುಟವಾಗಿದೆ, ಇನ್ನೂ 1971ಕ್ಕೆ ಬಂದಿಲ್ಲ.

ಮಾರ್ಚ್ 23, ಸೋಮವಾರ

ಮೊದಲ ವಾರದ ಅಳತೆ. ಫಿನ್‌ಬಾರ್‌ನ ಮಂಡಿ ಬಾತುಕೊಂಡಿದೆ. ಹಾಲು ಕರೆಯುವ ಯಂತ್ರದ ನಡುವೆ ಹೇಗೋ ಓಡಾಡುತ್ತಾನೆ, ಗುಡ್ಡ ಹತ್ತಲಾರ. "ಹತ್ತುತೀನಿ ಬಿಡು" ಅಂದ. ಹತ್ತಿ ಬಿದ್ದರೆ ಅದಕ್ಕೂ ಒಂದು ಪತ್ರ ಬರೆಯಬೇಕಾಗುತ್ತದೆ. ನಾನೇ ಹೊರಟೆ.

"ನನ್ನ ಬೂಟು ಹಾಕ್ಕೊಂಡು ಹೋಗು."

"ನನಗೆ ನನ್ನದೇ ಇದೆ."

"ನಿನ್ನದರಲ್ಲಿ ಗೆರೆ ಇಲ್ಲ."

ಅವನ ಎಡಗಾಲಿನ ರಬ್ಬರ್ ಬೂಟಿನ ಮೇಲೆ ಚಾಕುವಿನಿಂದ ಕೊರೆದ ಎರಡು ಗೆರೆಗಳಿವೆ. ಹುಲ್ಲು ಮೇಲುಗೆರೆ ಮುಟ್ಟಿದರೆ ಹಸುಗಳನ್ನು ಒಳಗೆ ಬಿಡಬೇಕು. ಮೇಯ್ದು ಕೆಳಗೆರೆಗೆ ಇಳಿದರೆ ಹೊರಗೆ ತರಬೇಕು. ಅವನ ಇಡೀ ವಿಜ್ಞಾನ ಇಷ್ಟೇ. ಸಂಘವು ಇದಕ್ಕಾಗಿ ಕೋಲಿಗೆ ತಟ್ಟೆ ಸಿಕ್ಕಿಸಿದ ಒಂದು ಯಂತ್ರವನ್ನು ಮಾರುತ್ತದೆ. ಮೇಲ್ಮನವಿಯ ಅರ್ಜಿಯ ಜೊತೆ ಅದನ್ನೂ ಕಳಿಸಿಕೊಟ್ಟಿದ್ದಾರೆ. ಎರಡನ್ನೂ ಹೊತ್ತು ನಡೆದೆ.

ಹನ್ನೊಂದು ಗಾವಲುಗಳು. ಹನ್ನೊಂದೂ ಏರು. ವಾಪಸು ಬರುವಾಗಲೂ ಇಳಿಜಾರು ಸಿಗಲಿಲ್ಲ. ಬಾವಿಗಾವಲಿನಲ್ಲಿ ಕೆಸರು ಒಂದು ಬೂಟನ್ನು ಕಾಲಿನಿಂದ ಕಳಚಿಕೊಂಡಿತು, ಗೆರೆ ಇದ್ದದ್ದನ್ನೇ. ಹಸುಗಳೆಂಬ ನಲವತ್ತೊಂದು ಹೊಟ್ಟೆಗಳು ಸಾಲಾಗಿ ನಿಂತು ನೋಡಿದವು. ಒಂದೂ ನೆರವಿಗೆ ಬರಲಿಲ್ಲ.

"ಹೇಗಿದೆ?" ಎಂದು ಫಿನ್‌ಬಾರ್ ಕೇಳಿದ.

"ಹಸಿರಾಗಿದೆ."

"ಅದು ಗೊತ್ತು. ಎಷ್ಟಿದೆ?"

ಬೂಟಿನ ಗೆರೆಯೂ ತಟ್ಟೆಯ ಯಂತ್ರವೂ ಹನ್ನೊಂದು ಕಡೆಯೂ ಒಂದೇ ಮಾತು ಹೇಳಿದವು. ಸಂಘ ಯಂತ್ರದ ಬದಲು ಬೂಟನ್ನೇ ಮಾರಬಹುದಿತ್ತು.

ಮಾರ್ಚ್ 30, ಸೋಮವಾರ

ಮಳೆ. ಹೋದೆ. ಅಳೆದೆ. ಬಂದೆ.

ಏಪ್ರಿಲ್ 8, ಬುಧವಾರ

ಇಂದು ಅಂಗಡಿಯಲ್ಲಿ ಬೆಣ್ಣೆಯ ಸಾಲಿನ ಮುಂದೆ ನಾನು ಗಟ್ಟಿಯಾಗಿ ನಕ್ಕೆನಂತೆ. ಅಂಗಡಿಯವಳು ಬಂದು ಕುರ್ಚಿ ಬೇಕೇ ಎಂದು ಕೇಳಿದಳು.

ಕೂಲ್‌ನಾಮೋ ಸಂಘದ ಬೆಣ್ಣೆಗೆ ಹೊಸ ಹೊದಿಕೆ ಬಂದಿದೆ. ಚಿನ್ನದ ಬಣ್ಣದ ಕಾಗದ, ನಡುವೆ ಚಿತ್ರ: ಏರುಹುಲ್ಲುಗಾವಲು, ಅದರ ನೆತ್ತಿಯ ಮೇಲೆ ಓರೆಯಾಗಿ ನಿಂತ ಉದ್ದನೆಯ ಕಲ್ಲು, ಕಲ್ಲಿಗೆ ಮೈ ಉಜ್ಜುತ್ತಿರುವ ಕಪ್ಪು ಹಸು, ಹಸುವಿನ ನೆತ್ತಿಯ ಮೇಲೆ ಮೊನಚಾದ ಬಿಳಿ ಟೋಪಿಯಂಥ ಮಚ್ಚೆ. ಕೆಳಗೆ: "ನಿಜವಾದ ಹುಲ್ಲು. ನಿಜವಾದ ಹಸು. ನಿಜವಾದ ಬೆಣ್ಣೆ."

ಅದು ನಮ್ಮ ಕಲ್ಲುಗಾವಲು. ಆ ಹಸು ನಮ್ಮದು. ಹಿರಿಯ ಪಾದ್ರಿಗಳು ತೊಡುವಂಥ ಆ ಟೋಪಿಯಿಂದಾಗಿಯೇ ಫಿನ್‌ಬಾರ್ ಅವಳನ್ನು ಬಿಷಪ್ ಎಂದು ಕರೆಯುವುದು. ಎರಡು ವರ್ಷದ ಹಿಂದೆ ಸಂಘದಿಂದ ಒಬ್ಬ ಫೋಟೋದವನು ಬಂದು ಅಡುಗೆಮನೆಯಲ್ಲಿ ಮೂರು ಲೋಟ ಚಹಾ ಕುಡಿದು ಅರ್ಧ ಹಣ್ಣಿನ ಕೇಕ್ ಮುಗಿಸಿದ್ದ. ಆ ಕೇಕ್ ಎಲ್ಲಿಗೆ ಹೋಯಿತೆಂದು ಈಗ ಗೊತ್ತಾಯಿತು.

ಅಂದರೆ ಪಟ್ಟಿಯ ಪ್ರಕಾರ ಬಿಷಪ್ ಹುಲ್ಲು ತಿನ್ನುವುದಿಲ್ಲ. ಕಾಗದದ ಪ್ರಕಾರ ಈ ದೇಶದಲ್ಲಿ ಹುಲ್ಲು ತಿನ್ನುವವಳು ಅವಳೊಬ್ಬಳೇ. ಮೂರು ಬೆಣ್ಣೆ ಕೊಂಡೆ. ಕಾಗದಗಳನ್ನು ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಏಪ್ರಿಲ್ 20, ಸೋಮವಾರ

ಐದನೆಯ ವಾರ. ಹುಲ್ಲಿನ ಒಂದು ಕಡ್ಡಿಗೆ ಒಂದು ಸಲಕ್ಕೆ ಮೂರೇ ಎಲೆಗಳು ಬದುಕಿರುತ್ತವೆ. ನಾಲ್ಕನೆಯದು ಬರುವ ಹೊತ್ತಿಗೆ ಮೊದಲನೆಯದು ಸಾಯುತ್ತದೆ. ಮೂರನೆಯದು ಪೂರ್ತಿ ಬಿಚ್ಚಿದಾಗ ಮೇಯಿಸಿದರೆ ಹಸುವಿಗೂ ಲಾಭ, ಬೇರಿಗೂ ಲಾಭ. ಅರವತ್ತೊಂಬತ್ತು ವರ್ಷವಾಗುವವರೆಗೆ ಈ ಹುಲ್ಲನ್ನು ಕಿಟಕಿಯಿಂದಷ್ಟೇ ನೋಡಿದವಳು ಇಂದು ಮಂಡಿಯೂರಿ ಎಲೆ ಎಣಿಸಿದೆ. ಇದು ಯಾವುದೇ ಪುಸ್ತಕದಲ್ಲಿ ಸಿಗುತ್ತಿತ್ತು. ನಾನು ಆ ಕಪಾಟಿನ ಕಡೆ ಹೋಗಿರಲಿಲ್ಲ, ಅಷ್ಟೇ.

ಹೊಳೆಗಾವಲಿನ ವಿಷಯಕ್ಕೆ ಜಗಳವಾಯಿತು.

"ನಾಳೆ ಹೊಳೆಗಾವಲಿಗೆ ಬಿಡ್ತೀನಿ" ಅಂದ ಫಿನ್‌ಬಾರ್.

"ಬೇಡ. ಕೆಳಗಿನ ಮೂಲೆ ಇನ್ನೂ ಮೆತ್ತಗಿದೆ. ತುಳಿದು ಹಾಳ್ಮಾಡ್ತಾವೆ."

"ಯಾರು ಹೇಳಿದ್ದು?"

"ನನ್ನ ಕಾಲು ಹೇಳ್ತು. ಹಿಮ್ಮಡಿ ಒಳಗೆ ಹೋಗುತ್ತೆ."

ಅವನು ನನ್ನ ಬೂಟಿನ ಕೆಸರು ನೋಡಿದ. ಆಮೇಲೆ ಹಸುಗಳನ್ನು ಕಲ್ಲುಗಾವಲಿಗೆ ಬಿಡುವುದಾಗಿ ಹೇಳಿದ. ಸೋತೆನೆಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ.

ಕೆನೆಯನ್ನು ಸೀಸೆಯಲ್ಲಿ ಅಲ್ಲಾಡಿಸಿ ಮನೆಯಲ್ಲೇ ಒಂದು ಮುದ್ದೆ ಬೆಣ್ಣೆ ತೆಗೆದೆ. ಫೆಬ್ರವರಿಯಲ್ಲಿ ಮೇಣದಬತ್ತಿಯಂತೆ ಬಿಳಿಚಿಕೊಂಡಿದ್ದದ್ದು ಈಗ ಮೊಟ್ಟೆಯ ಹಳದಿಗೆ ತಿರುಗಿದೆ. ಹಸಿಹುಲ್ಲು ತಿಂದರೆ ಮಾತ್ರ ಬರುವ ಬಣ್ಣ. ಇದನ್ನು ಯಾರೂ ನಕ್ಷೆಯಲ್ಲಿ ಬರೆಯಬೇಕಾಗಿಲ್ಲ.

ಸಭೆಯ ಪತ್ರ ಹದಿನಾಲ್ಕನೆಯ ಪುಟದಲ್ಲಿ ನಿಂತಿದೆ. ಮುಂದುವರಿಸಲು ಹೊತ್ತು ಸಿಕ್ಕಿಲ್ಲ.

ಮೇ 1, ಶುಕ್ರವಾರ

ಮೇ ತಿಂಗಳ ಮೊದಲ ದಿನ ನಡುಹಗಲಿಗೆ ಮುಂಚೆ ಮನೆಯಿಂದ ಹಾಲು, ಬೆಣ್ಣೆ ಅಥವಾ ಬೆಂಕಿ ಹೊರಗೆ ಕೊಟ್ಟರೆ ಇಡೀ ವರ್ಷದ ಬೆಣ್ಣೆ ಅದರ ಹಿಂದೆಯೇ ಹೊರಟುಹೋಗುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ಈ ಮೂಢನಂಬಿಕೆಯ ಮೇಲೆ ನಾನು 1994ರಲ್ಲಿ ಗ್ರಂಥಾಲಯದಲ್ಲಿ ಉಪನ್ಯಾಸ ಕೊಟ್ಟಿದ್ದೆ. ಜನ ಬಿದ್ದು ಬಿದ್ದು ನಕ್ಕಿದ್ದರು.

ಬೆಳಿಗ್ಗೆ ಒಂಬತ್ತೂವರೆಗೆ ಸಂಘದ ಪರಿಶೀಲಕಿ ಐಲೀಶ್ ಕ್ರೌಲಿ ಬಂದಳು, ಮಾರ್ಚ್ ಹತ್ತರ ಅದೇ ಅಪರಾಧಿ. ಇಪ್ಪತ್ತೇಳಿರಬಹುದು. ಕಾರಿನಿಂದ ಇಳಿದವಳೇ ತನ್ನ ಬೂಟು ತೊಳೆದುಕೊಂಡಳು. ಅದೊಂದು ಮೆಚ್ಚಬೇಕಾದ್ದು.

"ಮಿಸ್ ಲೂಸಿ, ನಡುವಿನ ತಪಾಸಣೆ. ಒಂದು ಸಣ್ಣ ಸೀಸೆ ಹಾಲು ಬೇಕಿತ್ತು."

ಫಿನ್‌ಬಾರ್ ಮುಖ ಬಿಳಿಚಿತು. ನನ್ನ ಕಡೆ ನೋಡಿದ.

"ಹನ್ನೆರಡು ಗಂಟೆ ಆದ್ಮೇಲೆ" ಎಂದು ಯಾರೋ ಹೇಳಿದರು. ನಾನೇ.

"ಯಾಕೆ?"

"ಹಾಲು ತಣ್ಣಗಾಗ್ಬೇಕು."

"ಟ್ಯಾಂಕಲ್ಲಿ ತಣ್ಣಗೇ ಇರುತ್ತಲ್ಲ."

"ಇನ್ನೂ ತಣ್ಣಗಾಗ್ಬೇಕು."

ಆ ಹುಡುಗಿ ಗಡಿಯಾರ ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು, ಫಕ್ಕನೆ ನಕ್ಕಳು. "ನಮ್ಮಜ್ಜಿನೂ ಇವತ್ತು ಪಕ್ಕದ ಮನೆಗೆ ಬೆಂಕಿಕಡ್ಡಿ ಕೊಡ್ತಿರ್ಲಿಲ್ಲ. ಕಾಯ್ತೀನಿ ಬಿಡಿ." ನಾನು ಕೇವಲ ತಮ್ಮನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದೆ ಎಂದು ವಿವರಿಸಿದೆ. "ಹೌದೌದು" ಅಂದಳು.

ಎರಡೂವರೆ ಗಂಟೆ ಕಾಯಬೇಕಿತ್ತು. ಫಿನ್‌ಬಾರ್ ಕರುಗಳ ಕಡೆ ಹೋದ. ಅವಳಿಗೆ ಚಹಾ ಕೊಟ್ಟು ಆರು ವಾರದ ನನ್ನ ದಾಖಲೆಯನ್ನು ಮುಂದಿಟ್ಟೆ. ಒಂದೊಂದು ಸಾಲನ್ನೂ ಓದಿದಳು.

"ಎಷ್ಟು ಚೆನ್ನಾಗಿ ಬರೆದಿದೀರ! ಆ ಬಾಗಿಲಿನ ದಾಖಲೆ ಉಳಿದಿದ್ರೆ ಇದ್ಯಾವುದೂ ಬೇಕಾಗ್ತಿರ್ಲಿಲ್ಲ."

"ಯಾವ ಬಾಗಿಲು?"

"ಹಾಲುಕೋಣೆದು. ನನಗಿಂತ ಮುಂಚೆ ಇದ್ದ ಟೂಮಿಯವರು ಹೇಳಿ ಹೋಗಿದ್ರು. ಲೂಸಿ ಮನೇಲಿ ಪುಸ್ತಕ ಕೇಳ್ಬೇಡ, ಹಾಲುಕೋಣೆ ಒಳಗೆ ಹೋಗಿ ಬಾಗಿಲು ಮುಚ್ಕೊಂಡು ಅದರ ಬೆನ್ನು ನೋಡು, ಆರು ವರ್ಷದ್ದೂ ಪೆನ್ಸಿಲಲ್ಲಿದೆ, ಜಿಲ್ಲೇಲೇ ಅಂಥ ದಾಖಲೆ ಇಲ್ಲ ಅಂತ. ನಾನು ಹೋಗಿ ಮುಚ್ಚಿದೆ. ಬರೀ ಹಸಿರು. ಯಾರು ಬಳಿದಿದ್ದು ಅಂತ ನಿಮ್ಮ ತಮ್ಮನ್ನ ಕೇಳಿದೆ."

"ಏನಂದ?"

"'ಬಣ್ಣ ಚೆನ್ನಾಗಿದೆ, ಅಲ್ವಾ' ಅಂದ್ರು. ಅಷ್ಟೇ. ನಾನು ಏನಂತ ಬರೀಲಿ ಹೇಳಿ, ಮಿಸ್ ಲೂಸಿ?"

ಹನ್ನೆರಡು ಹೊಡೆಯಿತು. ಹಾಲು ಕೊಟ್ಟೆ.

ಮೇ 2, ಶನಿವಾರ

ಬರೆಯುವಂಥದ್ದು ಏನೂ ಇಲ್ಲ.

ಮೇ 4, ಸೋಮವಾರ

ಹನ್ನೊಂದು ಗಾವಲು. ಮೇಲುಗೆರೆ ಮುಟ್ಟಿದ್ದು ಏಳು.

ಮೇ 9, ಶನಿವಾರ

ಅಡುಗೆಮನೆಯ ಚಾಕು, ಬಟ್ಟಲು ತುಂಬ ಬಿಸಿನೀರು, ಹಳೆಯ ಬಟ್ಟೆ ತೆಗೆದುಕೊಂಡು ಹಾಲುಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಬಣ್ಣದ ಡಬ್ಬಿಯ ಮೇಲೆ "ಹತ್ತು ವರ್ಷ ಬಾಳಿಕೆ" ಎಂದಿತ್ತು. ಈ ದೇಶದಲ್ಲಿ ಕೊಟ್ಟ ಮಾತಿಗೆ ತಪ್ಪದವನು ಆ ಬಣ್ಣದ ವ್ಯಾಪಾರಿಯೊಬ್ಬನೇ. ಹಸಿರು ಎದ್ದ ಕಡೆ ಪೆನ್ಸಿಲೂ ಅದರ ಜೊತೆ ಎದ್ದು ಬಂತು. ಹಿಡಿಕೆಯ ಹತ್ತಿರ, ಒಂದು ಕೋಟು ಮಾತ್ರ ತಾಗಿದ್ದ ಕಡೆ, ಅಂಗೈಯಗಲ ಜಾಗದಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಮೂರು ವರ್ಷದ ಹಿಂದಿನ ಫೆಬ್ರವರಿ:

"ಡಿ. ಬಂದಳು. ಹನ್ನೊಂದು ಪೆಟ್ಟಿಗೆ ಪುಸ್ತಕ. ಹಸು ಹೊರಗೆ, ಕಲ್ಲುಗಾವಲು. ಎರಡಕ್ಕೆ ಮಳೆ."

ಫಿನ್‌ಬಾರ್ ಹೊರಗಿನಿಂದ ಬಾಗಿಲು ತಳ್ಳಿದ.

"ಏನ್ ಮಾಡ್ತಿದೀಯ?"

"ಕಾಣೋಲ್ವಾ?"

"ಬಿಡು. ಎರಡು ಕೋಟು ಬಳಿದಿದೀಯ. ನೀನು ಯಾವ ಕೆಲಸಾನೂ ಅರ್ಧಕ್ಕೆ ಬಿಡೋಳಲ್ಲ."

"ಯಾಕೋ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀನು ಪೋಪಿಗೆ ಪತ್ರ ಬರೀತಿದ್ದೆ."

"ತಮಾಷೆ ಮಾಡ್ಬೇಡ. 'ನಮ್ಮಕ್ಕ ಬಳಿದಿದ್ದು' ಅಂತ ಒಂದು ಮಾತು ಆ ಹುಡುಗಿಗೆ ಹೇಳ್ಬಾರ್ದಾಗಿತ್ತಾ? ಟ್ಯಾಂಕರ್ ನಿಂತ್ಹೋಗುತ್ತೆ ಕಣೋ! ಹಸುಗಳು ಹೋಗುತ್ವೆ!"

ಅವನು ಮಂಡಿ ತಿಕ್ಕಿಕೊಂಡ. ಇಷ್ಟು ಉದ್ದದ ಮಾತಿಗೆ ಅವನಿಗೆ ಸಿದ್ಧತೆ ಬೇಕಾಗುತ್ತದೆ.

"ಪೂಜೆ ದಿನ ಎಲ್ಲರೂ ಬಣ್ಣ ಹೊಗಳಿದ್ರು. ಬ್ರೈಡಿ ಕ್ರೀಡನ್ನೂ ಹೊಗಳಿದ್ಲು. ನೀನು ಬಂದು ಮೂರು ವರ್ಷದಲ್ಲಿ ಯಾರ ಮೇಲೂ ದೂರು ಹೇಳದೆ ಇದ್ದದ್ದು ಆವತ್ತೊಂದೇ ದಿನ. ಹೇಳೋಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಬಿಸಿನೀರಿನ ಬಟ್ಟಲನ್ನು ತೆಗೆದುಕೊಂಡು ಕರುಗಳ ಕಡೆ ಹೋದ.

ಆ ಸಾಲಿನಲ್ಲಿ ಒಂದು ತಪ್ಪಿದೆ. ಪೆಟ್ಟಿಗೆ ಹನ್ನೆರಡಿದ್ದವು. ಸದ್ಯಕ್ಕೆ ತಿದ್ದಿಲ್ಲ.

ಮೇ 25, ಸೋಮವಾರ

ಹತ್ತನೆಯ ವಾರ. ಬಾವಿಗಾವಲಿನ ತುಂಬ ಕ್ಲೋವರ್ ಎಂಬ ಮೇವಿನ ಗಿಡದ ಬಿಳಿ ಹೂವು, ಜೇನುಗಳ ಸದ್ದಿಗೆ ಯೋಚನೆ ಮಾಡಲಾಗುವುದಿಲ್ಲ. ಕ್ಲೋವರ್ ಇದ್ದ ಕಡೆ ಗೊಬ್ಬರ ಹಾಕಬೇಕಾಗಿಲ್ಲ. ಬೇರಿನಲ್ಲೇ ತಯಾರಿಸಿಕೊಳ್ಳುತ್ತದೆ, ಯಾರಿಗೂ ಪತ್ರ ಬರೆಯದೆ. ಬಿಷಪ್ ಹಿಂದೆಯೇ ಬಂದು ಜೇಬಿಗೆ ಮೂತಿ ಹಾಕಿದಳು. ಅಂಚೆಯಮ್ಮನೆಂದು ನಾವು ಕರೆಯುವ ಹಸು ಎಂದಿನಂತೆ ಬೇಲಿಯ ಬಳಿ ನಿಂತು ಎಲ್ಲರ ವಿಷಯ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಂಗಾಲು ಸ್ವಲ್ಪ ಕುಂಟುತ್ತಿದೆ, ಫಿನ್‌ಬಾರ್‌ಗೆ ಹೇಳಬೇಕು.

ಇಳಿದು ಬರುವಾಗ ಅಂಗಳದಲ್ಲಿ ಕಾನ್ ಕ್ರೀಡನ್‌ನ ಕಾರು. ಅವನು ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ಮಾತಾಡಿದ.

"ಐಲೀಶ್ ವರದಿ ಓದಿದೆ ಡಿಂಪ್ನಾ. ಬಣ್ಣದ ವಿಷಯ. ಅಲ್ಲ, ಇದು ಯಾರಿಗಾದ್ರೂ ಆಗೋದೇ."

"ನಿಮ್ಮನೇಲಿ ಆಗಲ್ಲ. ನಿಮ್ಮನೇಲಿ ಬರೆಯೋಕೂ ಹುಲ್ಲಿಲ್ಲ."

"ನಾನು ಒಳ್ಳೇ ಮಾತಿಗೆ ಬಂದಿದೀನಿ. ನಿಮ್ಮ ಮನೆಗೆ ಒಂದು ವರ್ಷ ರಿಯಾಯಿತಿ ಕೊಡೋಣ. ಟ್ಯಾಂಕರ್ ಬರುತ್ತೆ. ಸಭೇಲಿ ಬಣ್ಣದ ವಿಷಯ ನಾವೂ ಎತ್ತಲ್ಲ. ಮೂವತ್ತಾರು ವರ್ಷ ಗ್ರಂಥಾಲಯದಲ್ಲಿದ್ದೋಳು ದಾಖಲೆ ಅಳಿಸಿದ್ಲು ಅಂತ ಊರು ಯಾಕೆ ನಗ್ಬೇಕು? ನೀನೂ ಅಂಗಡೀಲಿ ನೋಡಿ ನಕ್ಕ ಆ ಬೆಣ್ಣೆ ಕಾಗದದ ವಿಷಯ ಬಿಟ್ಬಿಡು."

"ಆಚೆಯ ಮೂರು ಮನೆ?"

"ಅವರವರದ್ದು ಅವರು ನೋಡ್ಕೊಳ್ತಾರೆ."

ಹದಿನೈದು ನಿಮಿಷದಿಂದ ಬಕೆಟ್ ತೊಳೆಯುತ್ತಿದ್ದ ಫಿನ್‌ಬಾರ್ ಆಗ ತಲೆಯೆತ್ತಿದ.

"ಕಾನ್, ಟ್ಯಾಂಕರ್ ನಮ್ಮನೆಗೆ ಬರ್ಬೇಕಾದ್ರೆ ಆ ಮೂರು ಮನೆ ಗೇಟು ಮುಂದೇನೇ ಹಾದು ಬರ್ಬೇಕಲ್ಲ?"

"ಹೌದು, ರಸ್ತೆ ಇರೋದೇ ಹಾಗೆ."

"ಹಾಗಾದ್ರೆ ಆಗಲ್ಲ" ಎಂದು ಮತ್ತೆ ಬಕೆಟ್ ತೊಳೆಯತೊಡಗಿದ.

ಕಾನ್ ಹೋದ ಮೇಲೆ ಚಹಾ ಹಾಕಿದೆ. ನಲವತ್ತೊಂದು ಹಸುಗಳನ್ನು ಪಣಕ್ಕಿಟ್ಟಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಂಚೆಯಮ್ಮನ ಕಾಲಿನ ಬಗ್ಗೆ ಮಾತಾಡಿದೆವು.

ಜೂನ್ 8, ಸೋಮವಾರ

ಹನ್ನೆರಡನೆಯ ವಾರ. ಮುಗಿಯಿತು. ಹುಲ್ಲಿಗೆ ತೆನೆ ಬರುವ ಹೊತ್ತು, ಕಲ್ಲುಗಾವಲನ್ನು ಇನ್ನೆರಡು ದಿನದಲ್ಲಿ ಮೇಯಿಸದಿದ್ದರೆ ಗಡುಸಾಗುತ್ತದೆ. ಮುಂದಿನ ಸೋಮವಾರಕ್ಕೆ ಯಾವ ನಿಯಮವೂ ಇಲ್ಲ. ಬೂಟನ್ನು ಮಾತ್ರ ತೊಳೆದು ಬಾಗಿಲ ಬಳಿಯೇ ಇಟ್ಟಿದ್ದೇನೆ, ಬೇಕಾದೀತು.

ಜೂನ್ 12, ಶುಕ್ರವಾರ

ನಿನ್ನೆಯ ವಾರ್ಷಿಕ ಸಭೆಯನ್ನು ನೆನಪಿರುವಾಗಲೇ ಬರೆದಿಡುತ್ತೇನೆ.

ಊರ ಸಭಾಭವನ, ಇನ್ನೂರು ಕುರ್ಚಿ, ಮುನ್ನೂರು ಜನ, ಹ್ಯಾಮ್ ಸ್ಯಾಂಡ್‌ವಿಚ್. ವೇದಿಕೆಯ ಹಿಂದೆ ಗೋಡೆಯೆತ್ತರಕ್ಕೆ ಬಿಷಪ್‌ಳ ಚಿತ್ರ, ಚಿನ್ನದ ಚೌಕಟ್ಟಿನಲ್ಲಿ. ಕಾನ್ ಇಪ್ಪತ್ತೈದು ನಿಮಿಷ ಸುಸ್ಥಿರತೆಯ ಬಗ್ಗೆ ಮಾತಾಡಿದ. ಅಷ್ಟು ಹೊತ್ತೂ ಅವನ ತಲೆಯ ಮೇಲೆ ಬಿಷಪ್ ಹುಲ್ಲಿನ ನಡುವೆ ಕಲ್ಲಿಗೆ ಮೈ ಉಜ್ಜುತ್ತಿದ್ದಳು. ಸೇತುವೆಯಾಚೆಯ ಮೂರು ಮನೆಯವರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ಶವಸಂಸ್ಕಾರಕ್ಕೆ ಬಂದವರಂತೆ.

"ಮೇಲ್ಮನವಿಗಳು" ಎಂದಾಗ ಎದ್ದೆ. ಚೀಲದಲ್ಲಿ ಹದಿನಾಲ್ಕು ಪುಟಗಳಿದ್ದವು. ಕೈಗೆ ಹನ್ನೆರಡು ವಾರದ ಹಾಳೆಗಳಷ್ಟೇ ಬಂದವು.

"ಮೊದಲು ನನ್ನ ತಪ್ಪು" ಅಂದೆ. "ನನ್ನ ತಮ್ಮ ಆರು ವರ್ಷ ಪ್ರತಿ ಸೋಮವಾರ ಹುಲ್ಲು ಅಳೆದು ಹಾಲುಕೋಣೆ ಬಾಗಿಲ ಮೇಲೆ ಬರೆದಿಟ್ಟಿದ್ದ. ಮಾರ್ಚ್ ಮೂರನೇ ತಾರೀಖು ಅದರ ಮೇಲೆ ಎರಡು ಕೋಟು ಬಣ್ಣ ಬಳಿದವಳು ನಾನು. ಮನೇಲಿ ಬಲಿಪೂಜೆ ಇತ್ತು. ಓದಿ ನೋಡ್ಲಿಲ್ಲ. ಐಲೀಶ್ ಕ್ರೌಲಿ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆಕೆಯನ್ನ ನಾನು ಊರೆಲ್ಲ ಬೈದಿದ್ದೆ. ಅದನ್ನೂ ವಾಪಸು ತಗೊಳ್ತೀನಿ."

ಸಭಾಭವನದ ಛಾವಣಿ ಹಾರುವಂತೆ ಎಲ್ಲರೂ ನಕ್ಕರು. "ಯಾವ ಕಂಪನಿ ಬಣ್ಣ ಡಿಂಪ್ನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬ್ರೈಡಿ ಕ್ರೀಡನ್ ಕಣ್ಣೊರೆಸಿಕೊಂಡಳು. "ನಮ್ಮ ಮನೇಲಿ ಸರದಿ ಬಂದಾಗ ಗಂಡನ ಮದುವೆ ಸೂಟನ್ನೇ ಸುಟ್ಟುಬಿಟ್ಟಿದ್ದೆ" ಎಂದು ಇನ್ನೊಬ್ಬಳು ಹೇಳಿದಳು. ಪೂಜೆಗೆಂದು ಮನೆ ತೊಳೆದು ಏನನ್ನೂ ಕಳೆದುಕೊಳ್ಳದ ಹೆಂಗಸು ಆ ಭವನದಲ್ಲಿ ಒಬ್ಬಳೂ ಇದ್ದಂತಿರಲಿಲ್ಲ.

ಹನ್ನೆರಡು ಹಾಳೆಗಳನ್ನು ಐಲೀಶ್ ಕೈಗೆ ಕೊಟ್ಟೆ. ನಿಂತೇ ಓದಿದಳು, ನಿಂತೇ ಹೇಳಿದಳು: "ಸರಿಯಾಗಿದೆ. ಒಂದು ವಾರವೂ ಬಿಟ್ಟಿಲ್ಲ."

ಕಾನ್ ಗಂಟಲು ಸರಿಮಾಡಿಕೊಂಡ. "ಸಂತೋಷ. ಆಡಳಿತ ಮಂಡಳಿ ಪರಿಶೀಲಿಸಿ, ಸೂಕ್ತ ಸಮಯದಲ್ಲಿ, ಲಿಖಿತವಾಗಿ ತಿಳಿಸುತ್ತೆ. ಮುಂದಿನ ವಿಷಯ..."

ಸೂಕ್ತ ಸಮಯ ಎಂದರೆ ಟ್ಯಾಂಕರ್ ನಿಂತ ಮೇಲೆ ಎಂದು ಆ ಭವನದಲ್ಲಿ ಯಾರಿಗೆ ಗೊತ್ತಿರಲಿಲ್ಲ? ನಾನು ಕೂರಲಿಲ್ಲ. ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಫಿನ್‌ಬಾರ್ ಎದ್ದು ನಿಂತಿದ್ದ, ಟೋಪಿ ಕೈಯಲ್ಲಿ. ಹಿಂದಿನ ಸಾಲಿನ ಮೂರು ಮನೆಯವರೂ ಒಬ್ಬೊಬ್ಬರಾಗಿ ಎದ್ದರು.

ಮೀನಿನ ಮರಿಯ ವಿಷಯ ಎತ್ತುವುದು ನನಗೆ ಮರೆತೇಹೋಯಿತು. ವಯಸ್ಸಾಯಿತು. ಇಸ್ತ್ರಿ ಮಾಡಿದ ಬೆಣ್ಣೆ ಕಾಗದ ಮಾತ್ರ ಜೇಬಿನಲ್ಲಿತ್ತು. ಅದನ್ನು ಎತ್ತಿ ಹಿಡಿದೆ. ಮುನ್ನೂರು ಜನ ಕಾಗದ ನೋಡಿದರು, ಗೋಡೆ ನೋಡಿದರು. ಹೇಳಿದ್ದನ್ನು ಅಕ್ಷರಕ್ಕಕ್ಷರ ಇಲ್ಲಿ ಬರೆಯುತ್ತೇನೆ.

"ಕಾನ್ ಕ್ರೀಡನ್, ಇದು ನಮ್ಮ ಕಲ್ಲುಗಾವಲು. ಇದು ನಮ್ಮ ಬಿಷಪ್. ನಿನ್ನ ಪಟ್ಟಿ ಇವಳು ಹುಲ್ಲು ತಿನ್ನಲ್ಲ ಅನ್ನುತ್ತೆ, ನಿನ್ನ ಬೆಣ್ಣೆ ಇವಳು ತಿನ್ನೋದೇ ಹುಲ್ಲು ಅನ್ನುತ್ತೆ. ಎರಡರಲ್ಲಿ ಒಂದು ಸುಳ್ಳು. ಲಿಖಿತವಾಗಿ ಬೇಡ, ಸೂಕ್ತ ಸಮಯದಲ್ಲಿ ಬೇಡ. ನನ್ನ ತಪ್ಪನ್ನ ನಾನು ಇವರೆಲ್ಲರ ಮುಂದೆ ನಿಂತು ಹೇಳಿದೆ. ಈಗ ನೀನು ಎದ್ದು ನಿಂತು, ಇವರೆಲ್ಲರ ಮುಂದೆ ಹೇಳು. ಸುಳ್ಳು ಯಾವುದು?"